ಅಪ್ಪನ ಮೊಣಕೈ ಮರೆಮಾಡಿದ ನಂಬರ್

ಫೋಟೋದಲ್ಲಿ ಅಪ್ಪ ಉಗಿ ಎಂಜಿನ್ನಿನ ಕ್ಯಾಬ್, ಅಂದರೆ ಡ್ರೈವರ್ ನಿಲ್ಲುವ ಗೂಡಿನ ಕಿಟಕಿಯಿಂದ ಹೊರಗೆ ಬಾಗಿದ್ದಾರೆ. ಮೊಣಕೈ ಕಿಟಕಿಯ ಅಂಚಿನ ಮೇಲಿದೆ. ಕೈಯಲ್ಲಿ ಎಣ್ಣೆ ಒರೆಸುವ ಬಟ್ಟೆ. ಆ ಮೊಣಕೈ, ಆ ಜೋತುಬಿದ್ದ ಬಟ್ಟೆ ಎರಡೂ ಸೇರಿ ಕೆಳಗಿನ ನಂಬರ್ ಪ್ಲೇಟನ್ನು ಹೆಚ್ಚುಕಮ್ಮಿ ಪೂರ್ತಿ ಮುಚ್ಚಿಬಿಟ್ಟಿವೆ. ಕಾಣುವುದು ಕೊನೆಯ ಅಂಕಿಯ ಕೆಳಗಿನ ಅರ್ಧ ಮಾತ್ರ. ಒಂದು ದುಂಡನೆಯ ಹೊಟ್ಟೆ. ಅದು 3 ಇರಬಹುದು, 5 ಇರಬಹುದು, 6, 8 ಅಥವಾ 0 ಕೂಡ ಇರಬಹುದು.

ಈ ಎಂಜಿನ್ ಯಾವುದು ಅಂತ ಅಪ್ಪ ಇದ್ದಾಗ ನಾನು ಕೇಳಲೇ ಇಲ್ಲ. ಅವರು ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿ 14 ಫೋಟೋ, ಮೂರು ಸಣ್ಣ ನೋಟ್‌ಬುಕ್. ಆವತ್ತಿನಿಂದ ಸುಮಾರು ಎಂಟು ತಿಂಗಳು, ಬಿಡುವು ಸಿಕ್ಕಾಗಲೆಲ್ಲ, ನಾನು ಈ ಎಂಜಿನ್‌ಗಳ ಹೆಸರು ಹುಡುಕುತ್ತಾ ಕೂತೆ.

ನಮ್ಮದು ಕಲಬುರಗಿ ಜಿಲ್ಲೆಯ ವಾಡಿ. ನಿಜಾಮರ ಸೀಮೆಯ ಮೊದಲ ರೈಲು ಮಾರ್ಗ 1874ರಲ್ಲಿ ಶುರುವಾಗಿದ್ದು ವಾಡಿಯಿಂದ ಸಿಕಂದರಾಬಾದಿಗೆ. ಅದಕ್ಕೇ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರೈಲ್ವೆ ನೌಕರಿ ಅಂದರೆ ಪೂರ್ವಕ್ಕೆ ಹೋಗುವುದು ಅಂತಲೇ ಅರ್ಥ. ಅಪ್ಪನೂ ಹಾಗೇ ಹೋದರು. ಕ್ಲೀನರ್ ಆಗಿ ಸೇರಿ, ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ, ಡೋರ್ನಕಲ್ ಎಂಜಿನ್ ಶೆಡ್ಡಿನಲ್ಲಿ ವರ್ಷಗಟ್ಟಲೆ ಇದ್ದರು. ಡೋರ್ನಕಲ್ ಈಗ ತೆಲಂಗಾಣದಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಕವಲೊಡೆಯುವ ಮಾರ್ಗವೇ ಸಿಂಗರೇಣಿ ಕಲ್ಲಿದ್ದಲಿನ ಮಾರ್ಗ.

ಆ ಮಾರ್ಗದ ಕಥೆ ಸ್ವಲ್ಪ ಹೇಳಲೇಬೇಕು. ಎಂಜಿನ್ ಗುರುತಿಸುವಾಗ ಅದೇ ನನಗೆ ಗಡಿ ಹಾಕಿಕೊಟ್ಟಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1871ರಲ್ಲಿ ಯೆಲ್ಲಂದು ಹತ್ತಿರ ಕಲ್ಲಿದ್ದಲು ಕಂಡುಹಿಡಿದರು. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿಗೆ ಗಣಿ ಹಕ್ಕು ಸಿಕ್ಕಿತು. 1889ರಲ್ಲಿ ಗಣಿ ಕೆಲಸ ಶುರುವಾಯಿತು. ಅಷ್ಟರಲ್ಲಿ ರೈಲು ಮಾರ್ಗ ವಾರಂಗಲ್ ದಾಟಿ ಡೋರ್ನಕಲ್ಲಿಗೆ ಬಂದಿತ್ತು. ಅದೇ 1889ರಲ್ಲಿ ವಿಜಯವಾಡಕ್ಕೂ ಮುಟ್ಟಿತು. ಯೆಲ್ಲಂದುವಿಗೆ ಅಲ್ಲಿಯ ಜನ ಇವತ್ತಿಗೂ ಬೊಗ್ಗುಟ್ಟ ಅಂತಾರೆ. ತೆಲುಗಿನಲ್ಲಿ ಬೊಗ್ಗು ಅಂದರೆ ಕಲ್ಲಿದ್ದಲು, ಗುಟ್ಟ ಅಂದರೆ ಗುಡ್ಡ. ಆಮೇಲೆ ಕೊತ್ತಗೂಡೆಂ ಕಡೆಗೂ ಹಳಿ ಬಂತು. ಅಲ್ಲಿಯ ಸ್ಟೇಷನ್ನಿನ ಹೆಸರು ಭದ್ರಾಚಲಂ ರೋಡ್. ಡೋರ್ನಕಲ್ಲಿನಿಂದ ಅಲ್ಲಿಗೆ ಸುಮಾರು 55 ಕಿಲೋಮೀಟರ್. ಅಪ್ಪ ಹೆಚ್ಚಾಗಿ ಓಡಾಡಿದ್ದು ಈ ಹಾದಿಯಲ್ಲೇ. ಖಾಲಿ ವ್ಯಾಗನ್ ತಗೊಂಡು ಹೋಗುವುದು, ತುಂಬಿದ ವ್ಯಾಗನ್ ತರುವುದು.

ಮೊದಲ ಕೆಲಸ ಸ್ಕ್ಯಾನ್ ಮಾಡುವುದು. 14ರಲ್ಲಿ 13 ಫೋಟೋ ಚೌಕಾಕಾರದವು. ಆ ಕಾಲದಲ್ಲಿ ನಮ್ಮಲ್ಲಿ ಓಡಾಡುತ್ತಿದ್ದ ಅಗ್ಫಾ ಕ್ಲಿಕ್ ತ್ರೀ ಥರದ ಕ್ಯಾಮೆರಾದ ಪ್ರಿಂಟು. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ, ಅಂಗೈಗಿಂತ ಚಿಕ್ಕದು. ನಾನು ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಎಲ್ಲವೂ ಮಸಿ ಮಸಿ. ಆಮೇಲೆ ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಇಟ್ಟು ಒಂದೊಂದಾಗಿ ತೆಗೆದೆ. ಆಗ ರಿವೆಟ್‌ಗಳು ಎದ್ದು ಬಂದವು. ಬೆಳಕು ಕತ್ತಲೆ ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ಕಪ್ಪು ಬಣ್ಣದೊಳಗೆ ಹುದುಗಿದ್ದ ಅಕ್ಷರವೂ ಕಾಣುತ್ತಿತ್ತು. ಉಗಿ ಎಂಜಿನ್ ಪೂರ್ತಿ ಕಪ್ಪು, ಮೇಲೆ ಮಸಿ, ಅದರ ಮೇಲೆ ನೆರಳು. ಹಾಗಾಗಿ ಕಪ್ಪಿನೊಳಗಿನ ಕಪ್ಪನ್ನು ನೋಡುವುದೇ ಇಲ್ಲಿ ಅರ್ಧ ಕೆಲಸ.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ಆತುರದ ತಪ್ಪು. ಭಾರತದಲ್ಲಿ ಕಲ್ಲಿದ್ದಲಿನ ರೈಲಿಗೆ ಅಂತಲೇ ಹೆಸರಾದ ದೈತ್ಯ ಎಂಜಿನ್ ಒಂದಿತ್ತು. ಎಕ್ಸ್‌ಇ ಅಂತ. ಅದರ ಬಗ್ಗೆ ಓದಿದ್ದೆ. ನನ್ನ ಫೋಟೋಗಳಲ್ಲಿ ಕಲ್ಲಿದ್ದಲು ಇದೆ, ದೊಡ್ಡ ಎಂಜಿನ್ ಇದೆ. ಇನ್ನೇನು ಬೇಕು ಅಂದುಕೊಂಡು ಐದು ಫೋಟೋಗಳಿಗೆ ಎಕ್ಸ್‌ಇ ಅಂತ ಹೆಸರು ಕೊಟ್ಟು ಕಂಪ್ಯೂಟರಿನಲ್ಲಿ ಇಟ್ಟುಬಿಟ್ಟೆ.

ಅದನ್ನು ತಗೊಂಡು ಚಾಚಾ ಹತ್ತಿರ ಹೋದೆ. ಅಪ್ಪನ ಜೊತೆ ಅದೇ ಶೆಡ್ಡಿನಲ್ಲಿದ್ದವರು, ಡ್ರೈವರ್ ಆಗಿ ನಿವೃತ್ತರಾದವರು. ಈಗ ವಾಡಿಯಲ್ಲೇ ಮಗನ ಮನೆಯಲ್ಲಿದ್ದಾರೆ. ಕಣ್ಣು ಮಂದ. ಕಿವಿ ಎಂಜಿನ್ ಸದ್ದಿಗೇ ಹೋಗಿದೆ. ಆದರೆ ನೆನಪು ಗಟ್ಟಿ. ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೈಗೆ ಕೊಟ್ಟೆ.

"ಎಕ್ಸ್‌ಇ ಅಲ್ರೀ ಚಾಚಾ ಇದು?" ಅಂದೆ.

ಅವರು ಫೋಟೋ ನೋಡಲಿಲ್ಲ. ನನ್ನ ಮುಖ ನೋಡಿದರು. "ಎಷ್ಟ್ ಭಾರ ಅದ ಗೊತ್ತದ ಏನ್ ತಮ್ಮಾ ಅದು? ನಮ್ಮ ಲೈನಿನ್ಯಾಗ ಅದು ಎಲ್ಲಿ ಬರ್ತದ? ಮೊದಲ ಗಾಲಿ ಎಣಿಸು. ಆಮ್ಯಾಲ ಹೆಸರು ಇಡು."

ಮನೆಗೆ ಬಂದು ನೋಡಿದೆ. ಚಾಚಾ ಹೇಳಿದ್ದು ಸರಿಯಾಗಿತ್ತು. ಎಕ್ಸ್‌ಇಯ ಒಂದು ಅಚ್ಚಿನ ಮೇಲೆ ಬೀಳುವ ಭಾರ 22.5 ಟನ್. ಅದು ಬಂಗಾಳ, ಬಿಹಾರದ ಕಡೆಯ ಗಟ್ಟಿ ಹಳಿಗೆ ಅಂತ ಮಾಡಿದ್ದು. ಎಲ್ಲ ಹಳಿಯೂ ಎಲ್ಲ ಸೇತುವೆಯೂ ಅಷ್ಟು ಭಾರ ತಡೆಯುವುದಿಲ್ಲ. ಒಂದು ಮಾರ್ಗದಲ್ಲಿ ಯಾವ ಎಂಜಿನ್ ಓಡುತ್ತಿತ್ತು ಅನ್ನುವುದನ್ನು ಮೊದಲು ತೀರ್ಮಾನ ಮಾಡುವುದು ಹೊರೆ ಅಲ್ಲ, ಹಳಿ. ನಾನು ಹೊರೆ ನೋಡಿ ಹೆಸರಿಟ್ಟಿದ್ದೆ. ಐದೂ ಹೆಸರು ಅಳಿಸಿದೆ. ಗಾಲಿ ಎಣಿಸುವುದಕ್ಕೆ ಕೂತೆ.

ಗಾಲಿ ಎಣಿಕೆ ಅಂದರೆ ಇಷ್ಟೇ. ಮುಂದಿನ ಸಣ್ಣ ಗಾಲಿ ಎಷ್ಟು, ನಡುವಿನ ದೊಡ್ಡ ಗಾಲಿ ಎಷ್ಟು, ಹಿಂದಿನ ಸಣ್ಣ ಗಾಲಿ ಎಷ್ಟು. ಒಂದು ಪಕ್ಕದಲ್ಲಿ ಕಂಡಿದ್ದನ್ನು ಎರಡರಿಂದ ಗುಣಿಸಬೇಕು. ನಡುವಿನ ದೊಡ್ಡ ಗಾಲಿಗಳೆಲ್ಲ ಒಂದು ಉದ್ದನೆಯ ಉಕ್ಕಿನ ರಾಡಿನಿಂದ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಅವೇ ಎಳೆಯುವ ಗಾಲಿ. ಟೆಂಡರ್ ಅಂದರೆ ಹಿಂದೆ ಕಲ್ಲಿದ್ದಲು, ನೀರು ಹೊರುವ ಡಬ್ಬ. ಅದರ ಗಾಲಿ ಲೆಕ್ಕಕ್ಕಿಲ್ಲ. ನನ್ನ ಹತ್ತು ಫೋಟೋಗಳಲ್ಲಿ ಬಂದ ಲೆಕ್ಕ 2-8-2. ರೈಲಿನವರು ಇದನ್ನು ಮಿಕಾಡೊ ಅಂತಾರೆ. 1897ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆ ಜಪಾನಿಗೆ ಈ ಥರದ ಎಂಜಿನ್ ಮಾಡಿಕೊಟ್ಟಿತ್ತು. ಹೆಸರು ಬಂದಿದ್ದು ಅಲ್ಲಿಂದ. ಎರಡು ಫೋಟೋಗಳಲ್ಲಿ 4-6-2 ಬಂತು, ಅಂದರೆ ಪೆಸಿಫಿಕ್. ಒಂದರಲ್ಲಿ 0-6-0. ಅಪ್ಪ ಇರುವ ಫೋಟೋದಲ್ಲಿ ಗಾಲಿಯೇ ಕಾಣುವುದಿಲ್ಲ. ಕ್ಯಾಬು, ಟೆಂಡರಿನ ಮುಂದಿನ ಭಾಗ, ಅಷ್ಟೇ.

ಪೆಸಿಫಿಕ್ ಎರಡೂ ಐದು ನಿಮಿಷದ ಕೆಲಸ. ಮುಂಭಾಗದಲ್ಲಿ ಗುಂಡಿನ ಮೂತಿಯ ಹಾಗೆ ಉಬ್ಬಿದ ಮುಖ, ಅದರ ಮೇಲೆ ಬೆಳ್ಳಿ ಬಣ್ಣದ ನಕ್ಷತ್ರ. ಅದು ಡಬ್ಲ್ಯುಪಿ. ಸ್ವಾತಂತ್ರ್ಯ ಬಂದ 1947ರಲ್ಲೇ ಭಾರತಕ್ಕೆ ಬರಲು ಶುರುವಾದ ಪ್ಯಾಸೆಂಜರ್ ಎಂಜಿನ್. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

0-6-0 ಫೋಟೋ ಬೇರೆ ರೀತಿ ಚಂದ. ಅದೊಂದೇ ಚೌಕ ಅಲ್ಲ, ಉದ್ದನೆಯದು, ಬಿಳಿ ಅಂಚಿನದು. ಅಪ್ಪನಿಗೂ ಹಿಂದಿನವರು ಯಾರೋ ಕೊಟ್ಟಿದ್ದಿರಬೇಕು. ಪಕ್ಕದಿಂದ ನೋಡಿದರೆ ಎಂಜಿನ್ ಖಾಲಿ ಖಾಲಿ ಕಾಣುತ್ತದೆ. ಮುಂದೆ ಸಿಲಿಂಡರ್ ಇಲ್ಲ, ಹಿಂದೆ ಮುಂದೆ ಓಡಾಡುವ ಪಿಸ್ಟನ್ ರಾಡ್ ಇಲ್ಲ. ಗಾಲಿಗಳನ್ನು ಕಟ್ಟಿದ ಒಂದು ರಾಡ್ ಅಷ್ಟೇ. ಸಿಲಿಂಡರ್ ಎಲ್ಲಿ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಅವು ಒಳಗಿವೆ, ಎರಡು ಗಾಲಿಗಳ ನಡುವೆ, ಫ್ರೇಮಿನ ಮಧ್ಯದಲ್ಲಿ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಭಾರತದ ರೈಲ್ವೆಗಳಿಗೆಲ್ಲ ಒಂದೇ ಮಾದರಿಯ ಎಂಜಿನ್ ಇರಲಿ ಅಂತ ಕೆಲವು ನಕ್ಷೆಗಳನ್ನು ಗೊತ್ತು ಮಾಡಿದರು. ಅವಕ್ಕೆ ಬೆಸಾ ಮಾದರಿ ಅಂತಾರೆ. ಅದರಲ್ಲಿ ಗೂಡ್ಸ್ ಗಾಡಿಯ ಸಾದಾ ಎಂಜಿನ್ ಅಂದರೆ ಇದೇ. ಒಳ ಸಿಲಿಂಡರಿನ 0-6-0. ಟೆಂಡರಿನ ಮೇಲೆ ಎನ್, ಎಸ್, ಆರ್ ಅಂತ ಮೂರು ಇಂಗ್ಲಿಷ್ ಅಕ್ಷರ. ನಿಜಾಮ್ಸ್ ಸ್ಟೇಟ್ ರೈಲ್ವೆ. 1930ರಲ್ಲಿ ಸಂಸ್ಥಾನ ಸರ್ಕಾರ ರೈಲ್ವೆಯನ್ನು ತಾನೇ ವಹಿಸಿಕೊಂಡ ಮೇಲೆ ಬಂದ ಹೆಸರು ಅದು. 1951ರಲ್ಲಿ ಸೆಂಟ್ರಲ್ ರೈಲ್ವೆಗೆ ಸೇರಿ ಹೋಯಿತು. ಅಂದರೆ ಬಣ್ಣ ಬಳಿದಿದ್ದು ಆ 21 ವರ್ಷಗಳ ನಡುವೆ ಯಾವಾಗಲೋ. ಮೂರು ಅಕ್ಷರ ಒಂದು ಫೋಟೋಗೆ ಹಿಂದೂ ಮುಂದೂ ಬೇಲಿ ಹಾಕಿಕೊಟ್ಟವು. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಉಳಿದಿದ್ದು ಹತ್ತು ಮಿಕಾಡೊ. ಇಲ್ಲೇ ನಿಜವಾದ ಕಷ್ಟ.

ಆ ಕಾಲದಲ್ಲಿ ನಮ್ಮ ಮಾರ್ಗದಲ್ಲಿ ಓಡಿರಬಹುದಾದ 2-8-2 ಮುಖ್ಯವಾಗಿ ಎರಡು. ಒಂದು ಎಕ್ಸ್‌ಡಿ, ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾದರಿ, ಎಕ್ಸ್‌ಇಯ ತಮ್ಮ ಇದ್ದ ಹಾಗೆ. ಅಚ್ಚಿನ ಭಾರ 17 ಟನ್. ಇನ್ನೊಂದು ಡಬ್ಲ್ಯುಜಿ, 1950ರಿಂದ ಬಂದಿದ್ದು, 18.5 ಟನ್. ಡಬ್ಲ್ಯುಜಿ ಅಂತೂ ಊರ ತುಂಬ. ಸುಮಾರು 2450 ಎಂಜಿನ್ ಮಾಡಿದರು. ಅದರ ಬಾಯ್ಲರ್ ಮತ್ತು ಡಬ್ಲ್ಯುಪಿಯ ಬಾಯ್ಲರ್ ಒಂದೇ. ಒಂದರಿಂದ ತೆಗೆದು ಇನ್ನೊಂದಕ್ಕೆ ಕೂರಿಸಬಹುದಾಗಿತ್ತು. ಅಷ್ಟು ಯೋಚನೆ ಮಾಡಿ ಮಾಡಿದ ಎಂಜಿನ್ ಅದು.

ನಾನು ಅಳತೆ ಮಾಡಿ ಗುರುತಿಸುತ್ತೇನೆ ಅಂತ ಹೊರಟೆ. ಫೋಟೋದಲ್ಲಿ ಅಳತೆಗೆ ಒಂದು ಗೊತ್ತಿರುವ ವಸ್ತು ಬೇಕು. ಬಫರ್ ಸಿಕ್ಕಿತು. ಎರಡು ವ್ಯಾಗನ್ ಮುಟ್ಟಿಕೊಳ್ಳುವ ಜಾಗದ ಗುಂಡು ತಟ್ಟೆ. ಬ್ರಾಡ್ ಗೇಜಿನಲ್ಲಿ ಹಳಿಯಿಂದ ಬಫರಿನ ನಡುವಿನವರೆಗೆ ಎತ್ತರ 1030ರಿಂದ 1105 ಮಿಲಿಮೀಟರ್ ಒಳಗೇ ಇರಬೇಕು. ಬಫರೂ ಗಾಲಿಯೂ ಕ್ಯಾಮೆರಾಕ್ಕೆ ಸಮ ದೂರದಲ್ಲಿರುವ ಪಕ್ಕದ ನೋಟ ಆಗಿರಬೇಕು. ಅಂಥ ಫೋಟೋ ಮೂರಿದ್ದವು. ಕಂಪ್ಯೂಟರಿನಲ್ಲಿ ಗೆರೆ ಎಳೆದು, ಲೆಕ್ಕ ಹಾಕಿ, ದೊಡ್ಡ ಗಾಲಿಯ ಅಗಲ ತೆಗೆದೆ. ಮೂರರಲ್ಲೂ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಬಂತು. ಡಬ್ಲ್ಯುಜಿಯ ಗಾಲಿ 5 ಅಡಿ ಒಂದೂವರೆ ಇಂಚು, ಅಂದರೆ 1562 ಮಿಲಿಮೀಟರ್. ಸರಿಯಾಗಿ ಕೂತಿತು. ಮೂರೂ ಡಬ್ಲ್ಯುಜಿ ಅಂತ ಬರೆದು ಮಲಗಿದೆ.

ಬೆಳಗ್ಗೆ ಎದ್ದು ಎಕ್ಸ್‌ಡಿಯ ಅಳತೆ ತೆಗೆದು ನೋಡಿದೆ. ಅದರ ಗಾಲಿಯೂ 5 ಅಡಿ ಒಂದೂವರೆ ಇಂಚು! ಒಂದು ವಾರದ ಅಳತೆ ನನಗೆ ಹೇಳಿದ್ದು ಇಷ್ಟೇ: ಇದು ಡಬ್ಲ್ಯುಪಿ ಅಲ್ಲ. ಅದನ್ನು ಗಾಲಿ ಎಣಿಸಿದಾಗಲೇ ತಿಳಿದಿದ್ದೆ. ಅವತ್ತಿನಿಂದ ಒಂದು ಪಾಠ ರೂಢಿ ಮಾಡಿಕೊಂಡೆ. ಒಂದು ಗುರುತು ನನ್ನ ಊಹೆಗೆ ಹೊಂದುತ್ತದೆ ಅನ್ನುವುದು ಸಾಲದು. ಅದು ಬೇರೆ ಊಹೆಗೆ ಹೊಂದುವುದಿಲ್ಲ ಅನ್ನುವುದನ್ನೂ ನೋಡಬೇಕು.

ದಾರಿ ತೋರಿಸಿದ್ದು ನಂಬರಿನ ಅಂಕಿಗಳು. ಪೂರ್ತಿ ನಂಬರ್ ಬೇಕಾಗಲಿಲ್ಲ, ಮೊದಲ ಅಂಕಿಯೇ ಸಾಕಾಯಿತು. 1957ರಲ್ಲಿ ಭಾರತೀಯ ರೈಲ್ವೆ ಇಡೀ ದೇಶದ ಉಗಿ ಎಂಜಿನ್‌ಗಳಿಗೆ ಹೊಸ ನಂಬರ್ ಕೊಟ್ಟಿತು. ಅದಕ್ಕೆ ಮುಂಚೆ ಒಂದೊಂದು ರೈಲ್ವೆಗೂ ತನ್ನದೇ ಲೆಕ್ಕ ಇತ್ತು. ಒಂದೇ ನಂಬರ್ ನಾಲ್ಕು ಕಡೆ ಇರುತ್ತಿತ್ತು. ಹೊಸ ಲೆಕ್ಕದಲ್ಲಿ ಎಕ್ಸ್‌ಡಿ ಥರದ ಹಳೆ ಎಂಜಿನ್‌ಗಳಿಗೆ 22ರಿಂದ ಶುರುವಾಗುವ ಐದಂಕಿ ಬಂತು. ಡಬ್ಲ್ಯುಜಿಗಳದ್ದು 8301ರಿಂದ ಶುರುವಾಗಿ, ಕೊನೆಗೆ 10560ಕ್ಕೆ ನಿಂತಿತು. ಆ ಕೊನೆಯ ಎಂಜಿನ್ ಚಿತ್ತರಂಜನ್ ಕಾರ್ಖಾನೆಯಲ್ಲಿ 1970ರಲ್ಲಿ ಆಗಿದ್ದು. ಅದಕ್ಕೆ ಅಂತಿಮ ಸಿತಾರಾ ಅಂತ ಹೆಸರಿಟ್ಟರು. ಹಾಗಾಗಿ ಪ್ಲೇಟಿನ ಎಡ ತುದಿಯಲ್ಲಿ 2 ಕಂಡರೆ ಎಕ್ಸ್‌ಡಿ, 8 ಅಥವಾ 9 ಕಂಡರೆ ಡಬ್ಲ್ಯುಜಿ. ಉಳಿದ ಅಂಕಿ ಮಸಿ ಮುಚ್ಚಿದ್ದರೂ ಚಿಂತೆ ಇಲ್ಲ. ಈ ಒಂದು ಸುಳಿವಿನಿಂದ ಹತ್ತರಲ್ಲಿ ಏಳು ಬಗೆಹರಿದವು. ಎರಡು ಎಕ್ಸ್‌ಡಿ, ಐದು ಡಬ್ಲ್ಯುಜಿ.

ಚಾಚಾಗೆ ಎಕ್ಸ್‌ಡಿ ಫೋಟೋ ತೋರಿಸಿದಾಗ ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. "ಇದರ ಮ್ಯಾಲೇ ನಾ ಕೆಲಸ ಕಲ್ತಿದ್ದು" ಅಂದರು. ಆಮೇಲೆ ನನಗೆ ಕೇಳಿಸಲಿ ಅಂತಲೋ ಏನೋ, ಬಾಯಲ್ಲೇ ಅದರ ಸದ್ದು ಮಾಡಿ ತೋರಿಸಿದರು. ತುಂಬಿದ ಗಾಡಿ ಹೊರಡುವಾಗಿನ ಸದ್ದು, ನಿಧಾನಕ್ಕೆ, ಒಂದೊಂದಾಗಿ. ಡಬ್ಲ್ಯುಜಿಯದ್ದು ಬೇರೆ ಅಂತ ಅದನ್ನೂ ಮಾಡಿದರು. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅವರ ಮಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಅದು ನನ್ನ ಹತ್ತಿರ ಇದೆ.

ಇನ್ನೊಂದು ಸುಳಿವು ತಾನಾಗೇ ಸಿಕ್ಕಿತು. ಒಂಬತ್ತನೇ ಫೋಟೋದಲ್ಲಿ ಎಂಜಿನ್ನಿನ ನಂಬರ್ ಪೂರ್ತಿ ಓದಲು ಬರುತ್ತದೆ. 83ರಲ್ಲಿ ಶುರು, 6ರಲ್ಲಿ ಕೊನೆ. ಹೊಗೆಪೆಟ್ಟಿಗೆಯ ಪಕ್ಕದಲ್ಲಿ, ಅಂದರೆ ಚಿಮಣಿಯ ಕೆಳಗೆ, ಒಂದು ಸಣ್ಣ ತಿಳಿ ಚುಕ್ಕೆ ಇತ್ತು. ಪ್ರಿಂಟಿನ ಕಲೆ ಅಂದುಕೊಂಡಿದ್ದೆ. ದೊಡ್ಡದು ಮಾಡಿದಾಗ ಅದಕ್ಕೆ ನಾಲ್ಕು ಮೂಲೆ ಇದ್ದವು. ಇಸ್ಪೀಟಿನ ಡೈಮನ್ ಆಕಾರ. ಅದು ಕಾರ್ಖಾನೆಯ ಪ್ಲೇಟು. ಎಂಜಿನ್ ಕಟ್ಟಿದವರು ತಮ್ಮ ಹೆಸರು, ಕ್ರಮ ಸಂಖ್ಯೆ, ವರ್ಷ ಹಾಕಿ ಹಿತ್ತಾಳೆ ಪ್ಲೇಟು ಬಡಿಯುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಆಕಾರ. ಡೈಮನ್ ಆಕಾರ ಗ್ಲಾಸ್ಗೋದ ಡ್ಯೂಬ್ಸ್ ಕಂಪನಿಯದು. 1903ರಲ್ಲಿ ಆ ಕಂಪನಿ ಇನ್ನೆರಡರ ಜೊತೆ ಸೇರಿ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ ಆಯಿತು. ಆಕಾರ ಹಾಗೇ ಮುಂದುವರಿಯಿತು. ಪ್ಲೇಟಿನ ಮೇಲಿನ ಅಕ್ಷರ ಒಂದೂ ಓದಲು ಬರುವುದಿಲ್ಲ. ಓದಬೇಕಾಗಿಯೂ ಇಲ್ಲ. ಚಿತ್ತರಂಜನ್ ಕಾರ್ಖಾನೆಯ ಮೊದಲ ಎಂಜಿನ್ನಿನ ನಂಬರ್ 8401. 1950ರ ನವೆಂಬರ್ 1ರಂದು ಹೊರಬಂದಿದ್ದು, ದೇಶಬಂಧು ಅಂತ ಹೆಸರು. ಅದಕ್ಕಿಂತ ಮುಂಚಿನ 83ರ ಸಾಲು ಗ್ಲಾಸ್ಗೋದಿಂದ ಬಂದಿದ್ದು. ನಂಬರ್ ಒಂದು ಕಡೆಯಿಂದ, ಪ್ಲೇಟಿನ ಆಕಾರ ಇನ್ನೊಂದು ಕಡೆಯಿಂದ, ಎರಡೂ ಒಂದೇ ಮಾತು ಹೇಳಿದವು. ಒಂದನ್ನೊಂದು ಕೇಳಿ ಹೇಳಿದ್ದಲ್ಲ. ಈ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಇಲ್ಲ.

ಈಗ ಅಪ್ಪನ ಫೋಟೋ.

ಮೊದಲು ಪ್ಲೇಟು. ಅದರ ಎಡ ಅಂಚು, ಬಲ ಅಂಚು ಎರಡೂ ಕಾಣುತ್ತವೆ. ಬಲ ತುದಿಯಲ್ಲಿ ಅರ್ಧ ಅಂಕಿ ಕಾಣುತ್ತದೆ. ಒಂದು ಅಂಕಿಯ ಅಗಲ ಗೊತ್ತಾದರೆ, ಆ ಪ್ಲೇಟಿನಲ್ಲಿ ಎಷ್ಟು ಅಂಕಿ ಕೂರುತ್ತವೆ ಅಂತ ಲೆಕ್ಕ ಹಾಕಬಹುದು. ನಾಲ್ಕು ಬಂತು. ಐದು ಕೂರಿಸಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾದರೆ ಎಕ್ಸ್‌ಡಿ ಅಲ್ಲ. ಡಬ್ಲ್ಯುಜಿ ಇರಬಹುದು, ಡಬ್ಲ್ಯುಪಿಯೂ ಇರಬಹುದು, ಯಾಕೆಂದರೆ ಅದರದ್ದೂ ನಾಲ್ಕಂಕಿ.

ಆಮೇಲೆ ಟೆಂಡರ್. ಅದರ ಮೇಲೆ ಸಿ ಅನ್ನುವ ಇಂಗ್ಲಿಷ್ ಅಕ್ಷರ, ಅದರ ಪಕ್ಕ ಆರ್ ಅಕ್ಷರದ ಬೆನ್ನು. ಸೆಂಟ್ರಲ್ ರೈಲ್ವೆ. ನಮ್ಮ ಮಾರ್ಗ ಆಮೇಲೆ ಸೇರಿದ್ದು ದಕ್ಷಿಣ ಮಧ್ಯ ರೈಲ್ವೆಗೆ, ಅದು ಹುಟ್ಟಿದ್ದು 1966ರ ಅಕ್ಟೋಬರ್ 2ಕ್ಕೆ. ಬಣ್ಣ ಬದಲಿಸುವುದಕ್ಕೆ ಒಂದಷ್ಟು ಕಾಲ ಹಿಡಿದಿರಬಹುದು. ಆದರೂ ಫೋಟೋ ಆ ಹೊತ್ತಿಗೆ ಹತ್ತಿರದ್ದು ಅಥವಾ ಅದಕ್ಕೂ ಹಿಂದಿನದು.

ಮೂರನೆಯದು ಟೆಂಡರಿನ ಮೇಲಿನ ಒಂದು ತೇಪೆ. ಮೇಲಿನ ಮೂಲೆಯಲ್ಲಿ ಚೌಕನೆಯ ತಗಡು ಕೂರಿಸಿ ವೆಲ್ಡಿಂಗ್ ಮಾಡಿದ್ದಾರೆ. ತಗಡು ಸ್ವಲ್ಪ ವಾರೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. 14 ಫೋಟೋಗಳನ್ನೂ ಸಾಲಾಗಿ ತೆರೆದು ಟೆಂಡರುಗಳನ್ನಷ್ಟೇ ನೋಡುತ್ತಾ ಹೋದೆ. ನಾಲ್ಕನೇ ಫೋಟೋದಲ್ಲಿ ಸಿಕ್ಕಿತು. ಅದೇ ಮೂಲೆ, ಅದೇ ವಾರೆ ತಗಡು. ಆ ಎಂಜಿನ್ನಿನ ನಂಬರ್ ಸ್ಪಷ್ಟವಾಗಿದೆ. 9ರಲ್ಲಿ ಶುರುವಾಗುವ ಡಬ್ಲ್ಯುಜಿ, ಕೊನೆಯ ಅಂಕಿ 3. ದುಂಡು ಹೊಟ್ಟೆಗೂ ಹೊಂದುತ್ತದೆ. ರಾತ್ರಿ ಹನ್ನೊಂದಕ್ಕೆ ಅಮ್ಮನನ್ನು ಎಬ್ಬಿಸಿ, ಸಿಕ್ಕಿತು ಅಂದೆ.

ಮರುದಿನ ಚಾಚಾ ಮನೆಗೆ ಓಡಿದೆ. ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ತೇಪೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ನೋಡಿದರು.

"ಟೆಂಡರ್ ಎರಡೂ ಒಂದೇ ಅದ" ಅಂದರು. "ಖರೆ. ಆದ್ರ ಎಂಜಿನ್ ಅದೇ ಅಂತ ಯಾರ್ ಹೇಳ್ಯಾರ ನಿನಗ?"

ನನಗೆ ಅರ್ಥ ಆಗಲಿಲ್ಲ.

"ಪಿಓಎಚ್‌ಗೆ ಹೋದಾಗ ಎಂಜಿನ್ ಬ್ಯಾರೆ, ಟೆಂಡರ್ ಬ್ಯಾರೆ ಮಾಡ್ತಾರ. ಯಾವುದು ಮೊದಲ ತಯಾರ್ ಆಗ್ತದ ಅದನ್ನ ಹಚ್ಚಿ ಕಳಸ್ತಾರ. ಹೋದಾಗ ಒಂದು ಟೆಂಡರ್, ಬಂದಾಗ ಇನ್ನೊಂದು."

ಕಾರ್ಖಾನೆಯ ದೊಡ್ಡ ದುರಸ್ತಿಗೆ ಪಿಓಎಚ್ ಅಂತಾರೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವುದು. ಗಾಲಿ, ರಾಡ್, ಬಾಯ್ಲರ್, ಟೆಂಡರ್ ಎಲ್ಲ ಒಂದರದು ಇನ್ನೊಂದಕ್ಕೆ ಹೋಗಬಹುದು. ರಾಡುಗಳ ಮೇಲೆ ನಂಬರ್ ಒತ್ತಿರುತ್ತಾರೆ. ಅದನ್ನು ನೋಡಿ ಎಂಜಿನ್ ಇದೇ ಅಂದುಕೊಂಡು ಮೋಸ ಹೋದವರು ಎಷ್ಟೋ ಜನ. "ಹಂಗಾದ್ರ ಯಾವುದು ನೋಡ್ಬೇಕು ಚಾಚಾ?" ಅಂತ ಕೇಳಿದೆ. "ಕ್ಯಾಬ್ ನೋಡು. ಅದು ಎಂಜಿನ್ ಬಿಟ್ಟು ಹಂಗ ಎಲ್ಲೂ ಹೋಗಂಗಿಲ್ಲ."

ಕ್ಯಾಬಿನಲ್ಲಿ ಅಪ್ಪ ಇದ್ದಾರೆ. ನಾನು ಅಲ್ಲಿ ನೋಡಿದಾಗಲೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆ. ಅವತ್ತು ಮುಖದ ಮೇಲೆ ಒಂದು ಚೀಟಿ ಇಟ್ಟು ಮುಚ್ಚಿದೆ. ಆಗ ಕಂಡಿತು. ಹತ್ತಿ ಇಳಿಯುವಾಗ ಹಿಡಿದುಕೊಳ್ಳುವ ಉದ್ದನೆಯ ಕಂಬಿ, ಕ್ಯಾಬಿನ ಹಿಂದಿನ ಅಂಚಿನಲ್ಲಿ. ಅದು ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಒಳಕ್ಕೆ ಬಾಗಿದೆ, ಯಾವುದೋ ತಾಗಿ ಸೊಟ್ಟಾದ ಹಾಗೆ. ಅದರ ಪಕ್ಕ ಒಂದು ಸಾಲು ರಿವೆಟ್, ಅದರಲ್ಲಿ ಮೇಲಿನಿಂದ ಮೂರನೆಯದು ಇಲ್ಲ.

ನಾಲ್ಕನೇ ಫೋಟೋದ ಕಂಬಿ ನೆಟ್ಟಗಿದೆ. ಅಂದರೆ ಆ ಎಂಜಿನ್ ಅಲ್ಲ. ಅಮ್ಮನನ್ನು ಸುಮ್ನೆ ಎಬ್ಬಿಸಿದ್ದೆ. ಉಳಿದವನ್ನು ಒಂದೊಂದಾಗಿ ನೋಡಿದೆ. ಒಂಬತ್ತನೆಯದಕ್ಕೆ ಬಂದಾಗ ಕೈ ನಿಂತಿತು. ಕಂಬಿ ಅಲ್ಲೇ ಬಾಗಿದೆ. ಮೂರನೇ ರಿವೆಟ್ ಇಲ್ಲ. ಗ್ಲಾಸ್ಗೋದ ಡೈಮನ್ ಪ್ಲೇಟಿನ ಅದೇ ಎಂಜಿನ್. ಕೊನೆಯ ಅಂಕಿ 6. ಒಂಬತ್ತನೇ ಫೋಟೋದಲ್ಲಿ ಅದರ ಟೆಂಡರಿಗೆ ತೇಪೆ ಇಲ್ಲ. ಚಾಚಾ ಹೇಳಿದ ಹಾಗೇ ಆಗಿತ್ತು. ಎರಡು ಫೋಟೋಗಳ ನಡುವೆ ಎಲ್ಲೋ ಎಂಜಿನ್ ದುರಸ್ತಿಗೆ ಹೋಗಿ, ಬೇರೆ ಟೆಂಡರ್ ಕಟ್ಟಿಕೊಂಡು ಬಂದಿದೆ.

ಆದರೂ ಇನ್ನೊಂದು ಸಾಕ್ಷಿ ಬೇಕಿತ್ತು. ಎರಡು ಸಲ ಮುಗ್ಗರಿಸಿದ್ದೆ. ನೋಟ್‌ಬುಕ್ ತೆಗೆದೆ. ಮೂರರಲ್ಲಿ ಒಂದನ್ನು ಗೆದ್ದಲು ತಿಂದಿತ್ತು. ಉಳಿದ ಎರಡರಲ್ಲಿ ಅಪ್ಪ ದಿನದ ಲೆಕ್ಕ ಬರೆದಿದ್ದಾರೆ. ತಾರೀಖು, ಎಂಜಿನ್ ನಂಬರ್, ಎಲ್ಲಿಂದ ಎಲ್ಲಿಗೆ, ಸೈನ್ ಆನ್, ಸೈನ್ ಆಫ್. ಭತ್ಯೆ ಕೇಳುವಾಗ ಬೇಕಾಗುತ್ತಿತ್ತಲ್ಲ, ಅದಕ್ಕೆ. ಊರಿನ ಹೆಸರಿಲ್ಲ, ಸ್ಟೇಷನ್ ಕೋಡ್ ಮಾತ್ರ. ಡಿಕೆಜೆ ಅಂದರೆ ಡೋರ್ನಕಲ್. ಬಿಡಿಸಿಆರ್ ಅಂದರೆ ಭದ್ರಾಚಲಂ ರೋಡ್. ಎರಡು ಭಾನುವಾರ ಕೂತು ಅಷ್ಟೂ ಪುಟಗಳಿಂದ ಎಂಜಿನ್ ನಂಬರುಗಳನ್ನು ಒಂದು ಹಾಳೆಗೆ ಇಳಿಸಿದೆ. ಒಂದು ಎಂಜಿನ್ನಿಗೆ ಒಂದು ಗೆರೆ, ಅದರ ಮುಂದೆ ತಾರೀಖುಗಳು.

83ರಲ್ಲಿ ಶುರುವಾಗಿ 6ರಲ್ಲಿ ಮುಗಿಯುವ ಎಂಜಿನ್ 1963ರಿಂದಲೇ ಮತ್ತೆ ಮತ್ತೆ ಬರುತ್ತದೆ. 1965ರಲ್ಲಿ ಎರಡು ತಿಂಗಳಿಗೂ ಹೆಚ್ಚು ಒಮ್ಮೆಯೂ ಇಲ್ಲ. ಆ ಖಾಲಿ ಜಾಗದ ಮೊದಲಿಗೆ, ಕೊನೆಯ ಸಲ ಅದರ ಹೆಸರು ಬಂದ ಸಾಲಿನ ಅಂಚಿನಲ್ಲಿ, ಅಪ್ಪ ಸಣ್ಣಗೆ ಬರೆದಿದ್ದಾರೆ: ಎಲ್‌ಜಿಡಿ ಶಾಪ್. ಸಿಕಂದರಾಬಾದಿನ ಲಾಲಾಗುಡ ವರ್ಕ್‌ಶಾಪು. ನಿಜಾಮರ ಕಾಲದಲ್ಲಿ, 1893ರಲ್ಲಿ ಕಟ್ಟಿದ್ದು. ನಾನು ಆ ಪುಟವನ್ನು ಅದಕ್ಕೆ ಮುಂಚೆ ಕಡಿಮೆ ಅಂದರೂ ಹತ್ತು ಸಲ ತಿರುವಿದ್ದೆ. ಆ ಎರಡು ಪದಗಳ ಅರ್ಥ ಗೊತ್ತಾಗಲು ಬಾಗಿದ ಕಂಬಿ ಬೇಕಾಯಿತು.

ಹಾಗಾಗಿ ತೇಪೆ ಇಲ್ಲದ ಟೆಂಡರಿನ ಒಂಬತ್ತನೇ ಫೋಟೋ ದುರಸ್ತಿಗೆ ಮುಂಚಿನದು. ಅಪ್ಪ ಇರುವುದು ಆಮೇಲಿನದು. 1965ರ ಕೊನೆ ಅಥವಾ 1966. ಟೆಂಡರಿನ ಮೇಲಿನ ಅಕ್ಷರಗಳೂ ಅದನ್ನೇ ಹೇಳುತ್ತಿದ್ದವು.

ಉಳಿದ ಮೂರು ಮಿಕಾಡೊಗಳಲ್ಲಿ ಎರಡನ್ನು ಇದೇ ರೀತಿ, ಕಂಬಿ ಮತ್ತು ತೇಪೆ ನೋಡಿ, ಬೇರೆ ಫೋಟೋಗಳ ಜೊತೆ ಜೋಡಿಸಿದೆ. ಒಂದರಲ್ಲಿ ಹಿಂದೆ ಎರಡು ಬಾಕ್ಸ್ ವ್ಯಾಗನ್ ಕಂಡವು. ಎಂಟು ಗಾಲಿಯ, ಮೇಲೆ ತೆರೆದ ಉದ್ದನೆಯ ವ್ಯಾಗನ್. ಹಳೆ ಫೋಟೋಗಳಲ್ಲೆಲ್ಲ ನಾಲ್ಕು ಗಾಲಿಯ ಗಿಡ್ಡ ವ್ಯಾಗನ್ನೇ. ಅದರಿಂದ ಆ ಫೋಟೋ ಸಾಲಿನಲ್ಲಿ ಕೊನೆಯ ಕಡೆಗೆ ಹೋಯಿತು. ಮೂರನೆಯದು ಮಂಜಿನಲ್ಲಿ ತೆಗೆದದ್ದು. ಅದಕ್ಕೆ 2-8-2 ಅಂತ ಮಾತ್ರ ಬರೆದಿದ್ದೇನೆ.

ಕೊನೆಗೆ ಎಲ್ಲ ಫೋಟೋಗಳನ್ನೂ ಚಾಚಾ ಮುಂದೆ ಇಟ್ಟೆ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿದ್ದೆ. ಪೆನ್ ಆದರೆ ಶಾಯಿ ಮುಂದಕ್ಕೆ ಹರಿಯುತ್ತದೆ. ಅವರು ಒಂದೊಂದನ್ನೇ ಮಗನ ಕೈಲಿ ಓದಿಸಿ ಕೇಳಿದರು. ಅಪ್ಪನದು ಬಂದಾಗ ಅವನು ಓದಿದ: "ಡಬ್ಲ್ಯುಜಿ, ಗ್ಲಾಸ್ಗೋದಲ್ಲಿ ಮಾಡಿದ್ದು. ಕ್ಯಾಬಿನ ಬಾಗಿದ ಕಂಬಿಯಿಂದ ಗುರುತು. ಟೆಂಡರ್ ಬೇರೆ ಎಂಜಿನ್ನಿನದು. 1965 ಅಥವಾ 66. ಕಿಟಕಿಯಲ್ಲಿ ಅಪ್ಪ."

ಚಾಚಾ ಫೋಟೋ ತಗೊಂಡು ಕಂಬಿಯ ಮೇಲೆ ಬೆರಳಿಟ್ಟರು.

"ಯೆಲ್ಲಂದುನಾಗ ಬಾಗಿದ್ದು ಇದು" ಅಂದರು. "ಶಂಟಿಂಗ್ ಮಾಡುವಾಗ. ಅವತ್ತು ಎಂಜಿನ್ ಮ್ಯಾಲ ನಾ ಇದ್ದೆ. ಅದನ್ನೂ ಬರಿ."

ಪೆನ್ಸಿಲ್ ಜೇಬಿನಲ್ಲೇ ಇತ್ತು. ಬರೆದೆ.